ಪೆರೋವ್‌ಸ್ಕೈಟ್ ಸೌರಕೋಶ: ದಕ್ಷತೆಯನ್ನೂ ಬಾಳಿಕೆಯನ್ನೂ ಒಟ್ಟಿಗೆ ಹೆಚ್ಚಿಸುವ ಹಂತ ಹಂತದ ಮಾರ್ಗದರ್ಶಿ

ಸಂಜೆ ಅಳೆದಾಗ ದಕ್ಷತೆ ಶೇ. 20 ದಾಟಿದ್ದ ಕೋಶ ಬೆಳಿಗ್ಗೆ ಬಂದು ನೋಡಿದರೆ ಅಂಚಿನಲ್ಲಿ ಹಳದಿಗೆ ತಿರುಗಿ ಕೂತಿರುತ್ತದೆ. ಈ ಕೆಲಸಕ್ಕೆ ಕೈಹಾಕಿದವರಲ್ಲಿ ಇದನ್ನು ಕಾಣದವರು ಬಹುಶಃ ಯಾರೂ ಇಲ್ಲ. ನೀವು ಜತನದಿಂದ ಕಟ್ಟಿದ ಕಪ್ಪು ಹರಳು ರಾತ್ರೋರಾತ್ರಿ ತನ್ನ ಕಚ್ಚಾವಸ್ತುವಾದ ಲೆಡ್ ಅಯೊಡೈಡಿಗೇ (ಸೀಸ ಮತ್ತು ಅಯೊಡಿನ್ ಸೇರಿದ ಲವಣ) ಮರಳಿದೆ.

2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕ ಅವರ ತಂಡ ಪೆರೋವ್‌ಸ್ಕೈಟ್ ಎಂಬ ಈ ಹರಳಿನಿಂದ ಮೊದಲ ಸೌರಕೋಶ ಮಾಡಿದಾಗ ದಕ್ಷತೆ ಶೇ. 3.8 ಇತ್ತು. ಒಳಗಿದ್ದ ದ್ರವ ಎಲೆಕ್ಟ್ರೊಲೈಟ್ ಪೆರೋವ್‌ಸ್ಕೈಟನ್ನೇ ಕರಗಿಸಿಬಿಡುತ್ತಿತ್ತು. 2012ರಲ್ಲಿ ದ್ರವದ ಜಾಗಕ್ಕೆ ಘನ ಪದರ ಬಂತು, ದಕ್ಷತೆ ಶೇ. 10ರ ಆಸುಪಾಸಿಗೆ ಜಿಗಿಯಿತು. ಇಂದು ಒಂಟಿ ಕೋಶ ಶೇ. 26 ದಾಟಿದೆ, ಸಿಲಿಕಾನ್ ಮೇಲೆ ಕೂರಿಸಿದ ಜೋಡಿಕೋಶ ಶೇ. 34 ದಾಟಿದೆ. ಸಿಲಿಕಾನ್ ಫಲಕಗಳು 25 ವರ್ಷದ ಭರವಸೆಯೊಂದಿಗೆ ಮಾರಾಟವಾಗುತ್ತಿರುವಾಗ, ಪೆರೋವ್‌ಸ್ಕೈಟ್ ಇನ್ನೂ ಸಾವಿರಾರು ಗಂಟೆಗಳ ಲೆಕ್ಕದಲ್ಲೇ ಇದೆ.

ಹಾಗೆಂದು ದಕ್ಷತೆಗೊಂದು ಕಡತ, ಬಾಳಿಕೆಗೊಂದು ಕಡತ ಇಟ್ಟುಕೊಳ್ಳಬೇಡಿ. ಹರಳಿನಲ್ಲಿ ಅಯೊಡೈಡ್ ಇರಬೇಕಾದಲ್ಲಿ ಖಾಲಿ ಜಾಗ ಉಳಿದರೆ ಪಕ್ಕದ ಅಯಾನುಗಳಿಗೆ ನಡೆಯಲು ದಾರಿ ಸಿಗುತ್ತದೆ. ಹರಳಿನ ಮೇಲ್ಮೈಯಲ್ಲಿ ಬಂಧ ಸಿಗದೆ ಉಳಿದ ಸೀಸದ ಅಯಾನು ಹಾಯುವ ಎಲೆಕ್ಟ್ರಾನನ್ನು ನುಂಗುತ್ತದೆ, ನೀರು ಮತ್ತು ಆಮ್ಲಜನಕ ಮೊದಲು ಕೈಹಾಕುವುದೂ ಅಲ್ಲಿಯೇ. ಕೋಶ ಎಲ್ಲಿ ಸೋರುತ್ತದೋ ಬಹುಮಟ್ಟಿಗೆ ಅಲ್ಲಿಂದಲೇ ಸಾಯಲು ಶುರುಮಾಡುತ್ತದೆ. ಅದಕ್ಕೇ ಇಲ್ಲಿನ ಹಂತಗಳು ಒಳಗಿನಿಂದ ಹೊರಗೆ ಹೋಗುತ್ತವೆ: ಮೊದಲು ಹರಳು, ಆಮೇಲೆ ಪದರಗಳು ಸೇರುವ ಜಾಗ, ನಂತರ ಲೋಹ, ಕಟ್ಟಕಡೆಗೆ ಗಾಜಿನ ಮುಚ್ಚಳ. ಒಳಗು ಕೊಳೆತಿದ್ದರೆ ಎಷ್ಟು ಒಳ್ಳೆಯ ಮುಚ್ಚಳ ಹಾಕಿದರೂ ಪ್ರಯೋಜನವಿಲ್ಲ.

ಗ್ಲೋವ್ ಬಾಕ್ಸ್ (ಹೊರಗಿನ ಗಾಳಿ, ತೇವ ಹೊಗದ ಪೆಟ್ಟಿಗೆ), ಸ್ಪಿನ್ ಕೋಟರ್ (ಗಾಜನ್ನು ತಿರುಗಿಸಿ ದ್ರಾವಣ ಹರಡುವ ಯಂತ್ರ), ನಿರ್ವಾತದಲ್ಲಿ ಲೋಹ ಆವಿಯಾಗಿಸುವ ಯಂತ್ರ, ಸೋಲಾರ್ ಸಿಮ್ಯುಲೇಟರ್ (ಬಿಸಿಲನ್ನು ಅನುಕರಿಸುವ ದೀಪ) ಇರುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಈ ಸೀಸದ ಲವಣಗಳು ದೇಹ ಸೇರುವ ವಿಷ, ಡಿಎಂಎಫ್ ದ್ರಾವಕ ಗರ್ಭಕ್ಕೆ ಹಾನಿಕರ, ಡಿಎಂಎಸ್‌ಒ ಎಂಬ ಇನ್ನೊಂದು ದ್ರಾವಕ ಚರ್ಮದ ಮೂಲಕ ಇಳಿಯುವಾಗ ತನ್ನಲ್ಲಿ ಕರಗಿದ್ದನ್ನೂ ಒಳಗೆ ಒಯ್ಯುತ್ತದೆ. ಪುಡಿ ತೂಗುವುದು ಫ್ಯೂಮ್ ಹುಡ್ ಅಥವಾ ಗ್ಲೋವ್ ಬಾಕ್ಸ್ ಒಳಗೇ ಆಗಬೇಕು. ಕೈಗವಸಿನ ಮೇಲೆ ಹನಿ ಬಿದ್ದರೆ ಒರೆಸುತ್ತ ನಿಲ್ಲದೆ ಕೂಡಲೇ ಬದಲಿಸಿ.

ಹಂತ 1: ಮೊದಲು ಅಳತೆಗೋಲು ಸರಿಮಾಡಿ

ಸುಳ್ಳು ಹೇಳುವ ಅಳತೆಯನ್ನು ನಂಬಿ ವರ್ಷಗಟ್ಟಲೆ ಕಳೆಯಬಹುದು. ಸಿಮ್ಯುಲೇಟರಿನ ಬೆಳಕು ಚದರ ಮೀಟರಿಗೆ 1000 ವ್ಯಾಟ್ ಇದೆಯೇ ಎಂದು ಪ್ರಮಾಣೀಕರಿಸಿದ ರೆಫರೆನ್ಸ್ ಕೋಶದಿಂದ ಅಳತೆಗೆ ಮುಂಚೆ ಪ್ರತಿ ಸಲ ನೋಡಿ. ಕೋಶದ ಮೇಲೆ ನಿಖರವಾಗಿ ಕತ್ತರಿಸಿದ ಕಪ್ಪು ಲೋಹದ ಮಾಸ್ಕ್ ಇಡಿ. ಮಾಸ್ಕ್ ಇಲ್ಲದಿದ್ದರೆ ಪಕ್ಕದಿಂದ ಬಿದ್ದ ಬೆಳಕೂ ನಿಮ್ಮ ಖಾತೆಗೆ ಜಮೆಯಾಗುತ್ತದೆ.

ವೋಲ್ಟೇಜನ್ನು ಏರಿಸುತ್ತ ಒಮ್ಮೆ, ಇಳಿಸುತ್ತ ಒಮ್ಮೆ ಅಳೆಯಿರಿ. ಎರಡು ಗೆರೆಗಳೂ ಒಂದರ ಮೇಲೊಂದು ಕೂರದಿದ್ದರೆ ಅದೇ ಹಿಸ್ಟೆರಿಸಿಸ್. ಒಳಗೆ ಅಯಾನುಗಳು ಓಡಾಡುತ್ತಿವೆ ಎಂದರ್ಥ. ಆಗ ಹೆಚ್ಚು ಬಂದ ಅಂಕಿಯನ್ನು ಬರೆದುಕೊಳ್ಳುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಅದನ್ನು ಅದುಮಿ, ಗರಿಷ್ಠ ವಿದ್ಯುತ್ ಸಿಗುವ ಬಿಂದುವಿನಲ್ಲಿ ಕೋಶವನ್ನು ಐದು ನಿಮಿಷ ಹಿಡಿದು, ಸ್ಥಿರವಾಗಿ ನಿಂತ ಅಂಕಿಯನ್ನೇ ದಕ್ಷತೆ ಎನ್ನಿ.

ಪ್ರವಾಹದ ಅಂಕಿಗೂ ಒಂದು ಸಾಕ್ಷಿ ಬೇಕು. ತರಂಗಾಂತರವಾರು ಕ್ವಾಂಟಮ್ ದಕ್ಷತೆ (ಬಿದ್ದ ಬೆಳಕಿನ ಕಣಗಳಲ್ಲಿ ಎಷ್ಟು ಪಾಲು ಎಲೆಕ್ಟ್ರಾನ್ ಆಗಿ ಹೊರಬಂತು ಎಂಬುದು) ಅಳೆದು ಕೂಡಿಸಿದಾಗ ಬರುವ ಪ್ರವಾಹ ಸಿಮ್ಯುಲೇಟರ್ ಕೊಟ್ಟದ್ದಕ್ಕೆ ಶೇ. 5ರೊಳಗೆ ಹೊಂದಬೇಕು. 1.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಅಂತರದ (ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಕನಿಷ್ಠ ಶಕ್ತಿ) ಪದರದಿಂದ ಸಿದ್ಧಾಂತದ ಪ್ರಕಾರ ಚದರ ಸೆಂಟಿಮೀಟರಿಗೆ ಸುಮಾರು 25.5 ಮಿಲಿಆಂಪಿಯರ್‌ಗಿಂತ ಹೆಚ್ಚು ಬರುವಂತೆಯೇ ಇಲ್ಲ. 26 ಬಂದರೆ ಸಂಭ್ರಮಿಸಬೇಡಿ, ಮಾಸ್ಕ್ ನೋಡಿ.

ಪ್ರತಿ ಬದಲಾವಣೆಗೂ ಕನಿಷ್ಠ ಹತ್ತು ಹನ್ನೆರಡು ಕೋಶ ಮಾಡಿ, ಅದೇ ದಿನ ಅದೇ ದ್ರಾವಣದಿಂದ ಹಳೆಯ ಪಾಕದ ಕೋಶಗಳನ್ನೂ ಮಾಡಿ ಜೊತೆಗಿಟ್ಟು ಹೋಲಿಸಿ. ಒಂದು ಸಲಕ್ಕೆ ಬದಲಿಸುವುದು ಒಂದನ್ನು ಮಾತ್ರ.

ಹಂತ 2: ಸೋರಿಕೆ ಎಲ್ಲಿದೆ ಎಂದು ಪತ್ತೆ ಹಚ್ಚಿ

ಯಾವುದೋ ಲೇಖನದಲ್ಲಿ ಕಂಡ ಹೊಸ ಸೇರ್ಪಡೆಯನ್ನು ತಂದು ಸುರಿಯುವ ಮುನ್ನ ನಿಮ್ಮ ಕೋಶದ ಕಾಯಿಲೆ ಯಾವುದೆಂದು ತಿಳಿಯಿರಿ. ದಕ್ಷತೆ ಮೂರು ಅಂಕಿಗಳ ಗುಣಲಬ್ಧ: ತೆರೆದ ಮಂಡಲದ ವೋಲ್ಟೇಜ್, ಹ್ರಸ್ವ ಮಂಡಲದ ಪ್ರವಾಹ, ಫಿಲ್ ಫ್ಯಾಕ್ಟರ್ (ಪ್ರವಾಹ-ವೋಲ್ಟೇಜ್ ಗೆರೆ ಎಷ್ಟು ಚೌಕಕ್ಕೆ ಹತ್ತಿರ ಎಂಬ ಅಂಕಿ). ಪ್ರವಾಹ ಕಡಿಮೆಯಿದ್ದರೆ ಪದರದ ದಪ್ಪ, ಬೆಳಕಿನ ಪ್ರತಿಫಲನ ನೋಡಿದರೆ ಬಹುಪಾಲು ಬಗೆಹರಿಯುತ್ತದೆ. 500ರಿಂದ 800 ನ್ಯಾನೊಮೀಟರ್ ದಪ್ಪ ಸಾಮಾನ್ಯವಾಗಿ ಸಾಕು. ನಿಜವಾದ ಜಗಳ ವೋಲ್ಟೇಜಿನದು.

ಅದಕ್ಕೆ ಒಳ್ಳೆಯ ಉಪಾಯವೊಂದಿದೆ. ಪೂರ್ತಿ ಕೋಶ ಮಾಡದೆ, ಪದರಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗಿ, ಪ್ರತಿ ಸಲವೂ ಅದು ಎಷ್ಟು ಬೆಳಕನ್ನು ಮರಳಿ ಹೊರಸೂಸುತ್ತದೆ ಎಂದು ಅಳೆಯಿರಿ. ಮೊದಲು ಗಾಜಿನ ಮೇಲೆ ಬರೀ ಪೆರೋವ್‌ಸ್ಕೈಟ್, ಆಮೇಲೆ ಅಡಿಯಲ್ಲಿ ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಧನ ವಿದ್ಯುದಂಶದ ಖಾಲಿ ಜಾಗ) ಸಾಗಿಸುವ ಪದರ ಸೇರಿಸಿ, ಅನಂತರ ಮೇಲೆ ಎಲೆಕ್ಟ್ರಾನ್ ಸಾಗಿಸುವ ಪದರ. ಒಳ್ಳೆಯ ಸೌರಕೋಶ ಒಳ್ಳೆಯ ಎಲ್‌ಇಡಿಯೂ ಆಗಿರಬೇಕು ಎಂಬುದು ಇದರ ಹಿಂದಿನ ತತ್ವ. ಹೊರಸೂಸುವ ಬೆಳಕು ಹತ್ತನೇ ಒಂದು ಪಾಲಿಗೆ ಇಳಿದರೆ ವೋಲ್ಟೇಜಿನಲ್ಲಿ ಸುಮಾರು 60 ಮಿಲಿವೋಲ್ಟ್ ಹೋಯಿತು. ಯಾವ ಪದರ ಸೇರಿದಾಗ ಬೆಳಕು ಧಡಕ್ಕನೆ ಬೀಳುತ್ತದೋ ಕಳ್ಳ ಅಲ್ಲಿದ್ದಾನೆ. ಹೀಗೆ ಹೋಲ್ ಪದರ ಕೆಳಗೆ, ಎಲೆಕ್ಟ್ರಾನ್ ಪದರ ಮೇಲೆ ಇರುವ ತಲೆಕೆಳಗಾದ ರಚನೆಯ ಕೋಶಗಳಲ್ಲಿ ಈ ಪರೀಕ್ಷೆ ಮಾಡಿದವರಿಗೆ ಉತ್ತರ ಹೆಚ್ಚಾಗಿ ಒಂದೇ: ಎಲೆಕ್ಟ್ರಾನ್ ಸಾಗಿಸುವ ಸಿ60 (ಇಂಗಾಲದ ಚೆಂಡಿನಾಕಾರದ ಅಣು) ಪದರ.

ಫಿಲ್ ಫ್ಯಾಕ್ಟರ್ ಕಡಿಮೆಯಿದ್ದರೆ ಬೇರೆ ಬೇರೆ ತೀವ್ರತೆಯ ಬೆಳಕಿನಲ್ಲಿ ವೋಲ್ಟೇಜ್ ಅಳೆದು, ರೋಧದ ಪಾತ್ರವೇ ಇಲ್ಲದ ಕಾಲ್ಪನಿಕ ಗೆರೆಯೊಂದನ್ನು ಎಳೆಯಿರಿ. ಅದಕ್ಕೂ ನಿಜದ ಗೆರೆಗೂ ನಡುವಿನ ಅಂತರವೆಲ್ಲ ವಿದ್ಯುತ್ ಸಾಗಾಣಿಕೆಯ ತೊಂದರೆ. ಉಳಿದದ್ದು ದೋಷಗಳ ಲೆಕ್ಕಕ್ಕೆ.

ಹಂತ 3: ಪಾಕ ಆರಿಸಿಕೊಳ್ಳುವುದು

ಪೆರೋವ್‌ಸ್ಕೈಟ್ ಎಂದರೆ ಎಬಿಎಕ್ಸ್3 ರಚನೆ. ಬಿ ಜಾಗದಲ್ಲಿ ಸೀಸ, ಎಕ್ಸ್ ಜಾಗದಲ್ಲಿ ಅಯೊಡಿನ್ ಅಥವಾ ಬ್ರೋಮಿನ್, ಇವೆರಡೂ ಕಟ್ಟುವ ಪಂಜರದ ನಡುವೆ ಎ. ಆ ಎ ಪಂಜರಕ್ಕೆ ಸರಿಯಾಗಿ ಕೂರುತ್ತದೆಯೇ ಎಂಬುದನ್ನು ಗೋಲ್ಡ್‌ಶ್ಮಿಟ್ ಅಂಶ ಹೇಳುತ್ತದೆ. ಎ ಮತ್ತು ಎಕ್ಸ್ ತ್ರಿಜ್ಯಗಳ ಮೊತ್ತವನ್ನು, ಬಿ ಮತ್ತು ಎಕ್ಸ್ ತ್ರಿಜ್ಯಗಳ ಮೊತ್ತದ 1.414 ಪಟ್ಟಿನಿಂದ ಭಾಗಿಸಿ. ಸೀಸಕ್ಕೆ 119, ಅಯೊಡೈಡಿಗೆ 220 ಪಿಕೊಮೀಟರ್ ಹಿಡಿದರೆ, ಎ ಜಾಗದಲ್ಲಿ ಫಾರ್ಮಮಿಡಿನಿಯಂ (253) ಕೊಡುವುದು 0.99, ಮೀಥೈಲ್ ಅಮೋನಿಯಂ (217) ಕೊಡುವುದು 0.91, ಸೀಸಿಯಂ (188) ಕೊಡುವುದು 0.85. ಅಂಕಿ 0.8ರಿಂದ 1ರ ನಡುವೆ ಇರಬೇಕು, ಆದರೆ ಎರಡು ತುದಿಗಳಲ್ಲೂ ಹರಳು ಹಟಮಾರಿ. ಶುದ್ಧ ಫಾರ್ಮಮಿಡಿನಿಯಂ ಹರಳು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಪ್ಪಾಗಿ ರೂಪುಗೊಂಡರೂ, ತಣ್ಣಗಾದ ಮೇಲೆ ನಿಧಾನವಾಗಿ ಹಳದಿ ರೂಪಕ್ಕೆ ಜಾರುತ್ತದೆ. ಇದು ಲೆಡ್ ಅಯೊಡೈಡಿನ ಹಳದಿಯಲ್ಲ. ಎರಡೂ ಹಳದಿಯನ್ನು ಎಕ್ಸ್-ರೇ ವಿವರ್ತನೆಯಲ್ಲಿ ಬೇರೆ ಮಾಡಿ ಗುರುತಿಸುವುದು ಕಲಿಯಿರಿ. ಲೆಡ್ ಅಯೊಡೈಡಿನದು ಹರಳು ಒಡೆದದ್ದರ ಗುರುತು, ಇನ್ನೊಂದು ಹರಳು ಆಕಾರ ಬದಲಿಸಿದ್ದರ ಗುರುತು. ಎರಡಕ್ಕೂ ಮದ್ದು ಬೇರೆ.

ಆಕಾರ ಬದಲಿಸುವುದಕ್ಕೆ ಮದ್ದು ಎಂದರೆ ಬೆರಕೆ. 2016ರಲ್ಲಿ ಪ್ರಕಟವಾದ ಮೂರು ಕ್ಯಾಟಯಾನುಗಳ (ಎ ಜಾಗದ ಧನ ಅಯಾನುಗಳ) ಪಾಕ ಇಂದಿಗೂ ಕಲಿಯುವವರಿಗೆ ಒಳ್ಳೆಯ ಪಾಠ. ಲೆಡ್ ಅಯೊಡೈಡ್ 1.1 ಮೋಲಾರ್, ಫಾರ್ಮಮಿಡಿನಿಯಂ ಅಯೊಡೈಡ್ 1 ಮೋಲಾರ್, ಲೆಡ್ ಬ್ರೋಮೈಡ್ ಮತ್ತು ಮೀಥೈಲ್ ಅಮೋನಿಯಂ ಬ್ರೋಮೈಡ್ ತಲಾ 0.2 ಮೋಲಾರ್ ಆಸುಪಾಸು; ದ್ರಾವಕ ನಾಲ್ಕು ಪಾಲು ಡಿಎಂಎಫ್, ಒಂದು ಪಾಲು ಡಿಎಂಎಸ್‌ಒ. ಇದಕ್ಕೆ ಡಿಎಂಎಸ್‌ಒನಲ್ಲಿ ಕರಗಿಸಿದ 1.5 ಮೋಲಾರ್ ಸೀಸಿಯಂ ಅಯೊಡೈಡ್ ಶೇ. 5ರಷ್ಟು. ಕೈ ಕುದುರುವವರೆಗೆ ಇದನ್ನೇ ಮಾಡಿ.

ಬಾಳಿಕೆಯೇ ಗುರಿಯಾದ ಮೇಲೆ ಮೀಥೈಲ್ ಅಮೋನಿಯಂ ಬಿಟ್ಟುಬಿಡಿ ಎಂಬುದು ನನ್ನ ಅಭಿಪ್ರಾಯ. ಅದು ಹಗುರ, ಬೇಗ ಆವಿಯಾಗುತ್ತದೆ; ಅದೊಂದನ್ನೇ ಬಳಸಿದ ಪದರ 85 ಡಿಗ್ರಿಯಲ್ಲಿ ನೀರು, ಗಾಳಿ ಏನೂ ಇಲ್ಲದೆಯೂ ಹಾಳಾಗುತ್ತದೆ. ಬಿಸಿಲಿಗೆ ಒಡ್ಡಿದ ಫಲಕ ತಲುಪಬಹುದಾದ ಬಿಸಿ ಅದು. ಶೇ. 80ರಿಂದ 90 ಫಾರ್ಮಮಿಡಿನಿಯಂ, ಉಳಿದದ್ದು ಸೀಸಿಯಂ ಇಟ್ಟುಕೊಂಡರೆ ಒಳ್ಳೆಯ ಅಡಿಪಾಯವಾಗುತ್ತದೆ. ಹರಳು ಬೆಳೆಸಲು ಮೀಥೈಲ್ ಅಮೋನಿಯಂ ಕ್ಲೋರೈಡ್ ಹಾಕುವವರಿದ್ದಾರೆ. ಅದು 150 ಡಿಗ್ರಿಯಲ್ಲಿ ಕಾಯಿಸುವಾಗ ಬಹುಪಾಲು ಹಾರಿಹೋಗುತ್ತದೆ. ಉಳಿದ ಚೂರುಪಾರಿನ ಮೇಲೆ ಕಣ್ಣಿರಲಿ.

ಬ್ರೋಮಿನ್ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಪ್ರಮಾಣ ಶೇ. 20ರ ಆಸುಪಾಸು ದಾಟಿದರೆ ಬೆಳಕು ಬಿದ್ದಾಗ ಅಯೊಡಿನ್ ಒಂದು ಕಡೆ, ಬ್ರೋಮಿನ್ ಒಂದು ಕಡೆ ಗುಂಪುಗೂಡುತ್ತವೆ. 2015ರಲ್ಲಿ ವರದಿಯಾದ ಈ ವಿದ್ಯಮಾನಕ್ಕೆ ಹೋಕ್ ಪರಿಣಾಮ ಎಂಬ ಹೆಸರಿದೆ. ಅಯೊಡಿನ್ ಗುಂಪುಗಳು ಗುಂಡಿಗಳ ಹಾಗೆ. ಎಲೆಕ್ಟ್ರಾನುಗಳೆಲ್ಲ ಅಲ್ಲಿಗೇ ಉರುಳಿ, ವೋಲ್ಟೇಜ್ ಇಳಿಯುತ್ತದೆ. ಜೋಡಿಕೋಶಕ್ಕೆ 1.68 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನ ಶಕ್ತಿ ಅಂತರ ಬೇಕಾದಾಗ ಬ್ರೋಮಿನ್ ಪೂರ್ತಿ ತಪ್ಪಿಸಲಾಗದು, ಅಲ್ಲಿ ಸೀಸಿಯಂ ಹೆಚ್ಚಿಸಿ ಬ್ರೋಮಿನ್ ಕಡಿಮೆಮಾಡುವುದೇ ಜಾಣತನ.

ಲೆಡ್ ಅಯೊಡೈಡನ್ನು ಲೆಕ್ಕಕ್ಕಿಂತ ತುಸು ಹೆಚ್ಚು ಹಾಕುವ ರೂಢಿ ಇನ್ನೊಂದು ಬಲೆ. ಮೊದಲ ದಿನದ ದಕ್ಷತೆ ನಿಜವಾಗಿಯೂ ಏರುತ್ತದೆ. ಆದರೆ ಹೆಚ್ಚಾಗಿ ಉಳಿದ ಲೆಡ್ ಅಯೊಡೈಡ್ ಬೆಳಕಿನಲ್ಲಿ ಸೀಸದ ಲೋಹ ಮತ್ತು ಅಯೊಡಿನ್ ಆಗಿ ಒಡೆಯುತ್ತದೆ, ಆ ಅಯೊಡಿನ್ ಪಕ್ಕದ ಹರಳುಗಳನ್ನು ತಿನ್ನಲು ಶುರುಮಾಡುತ್ತದೆ. ಇಂದಿನ ಅಂಕಿಗಾಗಿ ನಾಳೆಯ ಸಾಲ.

ಹಂತ 4: ಪದರ ಎಳೆಯುವುದು

ದ್ರಾವಣವನ್ನು ಅಂದೇ ಮಾಡಿ ಅಂದೇ ಬಳಸಿ. ಹಳೆಯದಾದ ದ್ರಾವಣದಲ್ಲಿ ಮೀಥೈಲ್ ಅಮೋನಿಯಂ ಮತ್ತು ಫಾರ್ಮಮಿಡಿನಿಯಂ ತಮ್ಮತಮ್ಮಲ್ಲೇ ಪ್ರತಿಕ್ರಿಯಿಸುತ್ತವೆ, ಅಯೊಡೈಡ್ ಅಯೊಡಿನ್ ಆಗಿ ಬಣ್ಣ ಕಡುವಾಗುತ್ತದೆ. 0.2 ಮೈಕ್ರಾನ್ ಪಿಟಿಎಫ್‌ಇ ಫಿಲ್ಟರಿನಲ್ಲಿ ಸೋಸಿ. ಪದರ ಎಳೆಯುವ ಕ್ರಮ ಹೀಗೆ:

1. ಐಟಿಒ (ವಿದ್ಯುತ್ ಹಾಯಿಸುವ ಪಾರದರ್ಶಕ ಲೇಪ) ಇರುವ ಗಾಜನ್ನು ಸೋಪು ನೀರು, ಶುದ್ಧ ನೀರು, ಅಸಿಟೋನ್, ಐಸೊಪ್ರೊಪನಾಲ್‌ಗಳಲ್ಲಿ ಕ್ರಮವಾಗಿ ತೊಳೆದು, 15ರಿಂದ 30 ನಿಮಿಷ ಯುವಿ-ಓಜೋನ್ ಕೊಡಿ.
2. ಹೋಲ್ ಸಾಗಿಸುವ ಅಡಿಪದರ ಹಾಕಿ. 2ಪಿಎಸಿಜ಼ೆಡ್ ಎಂಬ ಅಣು ಬಳಸುವುದಾದರೆ ಎಥನಾಲ್‌ನಲ್ಲಿ 1 ಮಿಲಿಮೋಲಾರ್, 3000 ಸುತ್ತು, 30 ಸೆಕೆಂಡ್, ಆಮೇಲೆ 100 ಡಿಗ್ರಿಯಲ್ಲಿ 10 ನಿಮಿಷ.
3. ಪೆರೋವ್‌ಸ್ಕೈಟ್ ದ್ರಾವಣ ಸುರಿದು ನಿಮಿಷಕ್ಕೆ 1000 ಸುತ್ತಿನಲ್ಲಿ 10 ಸೆಕೆಂಡ್, 6000 ಸುತ್ತಿನಲ್ಲಿ 20 ಸೆಕೆಂಡ್ ತಿರುಗಿಸಿ.
4. ಮುಗಿಯಲು ಸುಮಾರು 5 ಸೆಕೆಂಡ್ ಇರುವಾಗ 100ರಿಂದ 200 ಮೈಕ್ರೊಲೀಟರ್ ಕ್ಲೋರೊಬೆಂಜೀನ್ ಬಿಡಿ.
5. ಒಡನೆಯೇ ಹಾಟ್‌ಪ್ಲೇಟಿಗೆ. ಮೂರು ಕ್ಯಾಟಯಾನುಗಳ ಪಾಕಕ್ಕೆ 100 ಡಿಗ್ರಿ, ಒಂದು ಗಂಟೆ.

ಎಲ್ಲರೂ ಎಡವುವುದು ನಾಲ್ಕನೆಯದರಲ್ಲಿ. ಡಿಎಂಎಸ್‌ಒ ಲೆಡ್ ಅಯೊಡೈಡನ್ನು ಅಪ್ಪಿ ಹಿಡಿದು ಹರಳಾಗುವುದನ್ನು ತಡೆದಿರುತ್ತದೆ. ಕ್ಲೋರೊಬೆಂಜೀನ್ ಬಿದ್ದಾಕ್ಷಣ ಉಳಿದ ದ್ರಾವಕ ಹೊರಬಿದ್ದು, ಒಂದೇ ಕ್ಷಣಕ್ಕೆ ಎಲ್ಲೆಡೆ ಹರಳಿನ ಬೀಜ ಮೂಡುತ್ತದೆ. ಬೇಗ ಬಿಟ್ಟರೆ ಬೀಜ ಸಾಕಷ್ಟು ಆಗದು, ತಡವಾದರೆ ತಾನಾಗಿಯೇ ಹರಳಾಗಿ ಪದರ ಮಾಸಲಾಗುತ್ತದೆ. ಪಿಪೆಟ್ ಎಷ್ಟು ಎತ್ತರದಲ್ಲಿದೆ, ಎಷ್ಟು ವೇಗವಾಗಿ ಒತ್ತಿದಿರಿ ಎಂಬುದೂ ಫಲಿತಾಂಶ ಬದಲಿಸುತ್ತದೆ. ಹಾಗಾಗಿ ಒಂದು ಪ್ರಯೋಗಸರಣಿಯ ಎಲ್ಲ ಕೋಶಗಳನ್ನೂ ಒಬ್ಬರೇ ಮಾಡಲಿ. ದೊಡ್ಡ ಗಾಜಿಗೆ ಹೋಗುವ ಯೋಚನೆಯಿದ್ದರೆ ಮೊದಲಿನಿಂದಲೇ ಸಾರಜನಕ ಊದುವ ಅಥವಾ ನಿರ್ವಾತದಲ್ಲಿ ಒಣಗಿಸುವ ವಿಧಾನ ಕಲಿಯಿರಿ; ಪಿಪೆಟ್ಟಿನ ಕಲೆ ಅಲ್ಲಿ ಉಪಯೋಗಕ್ಕೆ ಬಾರದು.

"ನಿನ್ನೆ ಬಂದದ್ದು ಇಂದು ಬರುತ್ತಿಲ್ಲ" ಎಂಬ ಗೋಳಿಗೆ ಅನೇಕ ಸಲ ಕಾರಣ ಗ್ಲೋವ್ ಬಾಕ್ಸಿನ ಗಾಳಿಯಲ್ಲಿ ತುಂಬಿಕೊಂಡ ದ್ರಾವಕದ ಆವಿ. ನಾನೂ ವಾರಗಟ್ಟಲೆ ಪಾಕವನ್ನು ಬೈದುಕೊಂಡು, ಕೊನೆಗೆ ಪ್ರತಿ ಐದಾರು ಗಾಜಿಗೊಮ್ಮೆ ಸಾರಜನಕ ಹಾಯಿಸಿ ಆವಿ ಹೊರಹಾಕತೊಡಗಿದ ಮೇಲೆ ದಾರಿಗೆ ಬಂದೆ.

ಕಾಯಿಸಿದ ಪದರವನ್ನು ಮೇಲಿನಿಂದಷ್ಟೇ ನೋಡಿ ತೃಪ್ತರಾಗಬೇಡಿ. ಅಡಿಯಲ್ಲಿ ಸಿಕ್ಕಿಕೊಂಡ ಡಿಎಂಎಸ್‌ಒ ತಡವಾಗಿ ಹೊರಟಾಗ ಗಾಜಿನ ಬದಿಯಲ್ಲಿ ಪೊಳ್ಳು ಉಳಿಯುತ್ತದೆ, ಬೆಳಕಿನಲ್ಲಿ ಹಾಳಾಗುವುದು ಆ ಪೊಳ್ಳುಗಳಿಂದಲೇ. ಒಂದು ಗಾಜನ್ನು ಮುರಿದು, ಅಡ್ಡಸೀಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ.

ಹಂತ 5: ಪದರಗಳು ಸೇರುವ ಜಾಗ

ಇಂದಿನ ಒಳ್ಳೆಯ ಕೋಶಕ್ಕೂ ಸಾಧಾರಣ ಕೋಶಕ್ಕೂ ಇರುವ ವ್ಯತ್ಯಾಸದ ದೊಡ್ಡ ಪಾಲು ಇಲ್ಲಿದೆ. ಮೊದಲು ರಚನೆಯನ್ನು ನಿರ್ಧರಿಸಿ. ಹಳೆಯ ಕ್ರಮದಲ್ಲಿ ಎಲೆಕ್ಟ್ರಾನ್ ಸಾಗಿಸುವ ಟೈಟಾನಿಯಂ ಡೈಆಕ್ಸೈಡ್ ಕೆಳಗೆ, ಹೋಲ್ ಸಾಗಿಸುವ ಸ್ಪೈರೊ-ಒಎಂಇಟಿಎಡಿ ಮೇಲೆ. ಟೈಟಾನಿಯಂ ಡೈಆಕ್ಸೈಡ್ ಅತಿನೇರಳೆ ಬೆಳಕಿನಲ್ಲಿ ಪೆರೋವ್‌ಸ್ಕೈಟನ್ನೇ ಒಡೆಯುವ ವೇಗವರ್ಧಕವಾಗುತ್ತದೆ. ಸ್ಪೈರೊಗೆ ಹಾಕುವ ಲಿಥಿಯಂ ಲವಣ ಗಾಳಿಯ ತೇವವನ್ನು ಹೀರಿ ತರುತ್ತದೆ. ಮೊದಲನೆಯದಕ್ಕೆ ಬದಲು ಟಿನ್ ಆಕ್ಸೈಡ್ ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ. ಬಾಳಿಕೆಗಾಗಿ ನಾನು ತಲೆಕೆಳಗಾದ ರಚನೆಯ ಪರ: ಐಟಿಒ, ಒಂದೇ ಅಣು ದಪ್ಪದ ಹೋಲ್ ಪದರ, ಪೆರೋವ್‌ಸ್ಕೈಟ್, ಸಿ60, ತಡೆಪದರ, ಲೋಹ.

ಅಣುಪದರಗಳಲ್ಲಿ ಎಂಇ-4ಪಿಎಸಿಜ಼ೆಡ್ ಒಳ್ಳೆಯ ವೋಲ್ಟೇಜ್ ಕೊಡುತ್ತದೆ, ಆದರೆ ಅದರ ಮೇಲೆ ದ್ರಾವಣ ಕಮಲದೆಲೆಯ ಮೇಲಿನ ನೀರಿನಂತೆ ಗುಂಡಗೆ ಸರಿದುಬಿಡುತ್ತದೆ. ಇನ್ನೊಂದು ಅಣುವಿನೊಡನೆ ಬೆರೆಸುವುದು, ಅಥವಾ ಮೇಲೆ ಅಲ್ಯುಮಿನಾ ನ್ಯಾನೊಕಣಗಳನ್ನು ತೆಳ್ಳಗೆ ಹರಡುವುದು ಇದಕ್ಕೆ ಪರಿಹಾರ.

ಮೇಲಿನ ಬದಿಗೆ ಪ್ಯಾಸಿವೇಶನ್, ಅಂದರೆ ಮೇಲ್ಮೈಯಲ್ಲಿ ಬಂಧ ಸಿಗದೆ ಉಳಿದ ಸೀಸ ಮತ್ತು ಖಾಲಿ ಅಯೊಡೈಡ್ ಜಾಗಗಳಿಗೆ ತೇಪೆ. ಫೀನೆಥೈಲ್ ಅಮೋನಿಯಂ ಅಯೊಡೈಡ್ ಹೆಚ್ಚು ಪ್ರಚಾರ ಪಡೆದದ್ದು. ಕೋಣೆಯ ಬಿಸಿಯಲ್ಲಿ ಚೆನ್ನಾಗಿ ಕೆಲಸ ಮಾಡುವ ಇದು, ಕಾಯಿಸಿದಾಗ ಹರಳಿನೊಳಗೆ ಇಳಿದು ಎರಡು ಆಯಾಮದ ಪದರವಾಗಿ ರೂಪ ಬದಲಿಸುತ್ತದೆ. ಆದ್ದರಿಂದ ಯಾವ ತೇಪೆಯನ್ನೇ ಆರಿಸಿ, ಕೋಶವನ್ನು 85 ಡಿಗ್ರಿಯಲ್ಲಿ ಒಂದು ದಿನ ಇಟ್ಟು ಮತ್ತೆ ಅಳೆಯದೆ ಗೆದ್ದೆವು ಎನ್ನಬೇಡಿ. ಸಿ60 ಬದಿಗೆ ಪ್ರೊಪೇನ್ ಡೈಅಮೋನಿಯಂ ಅಯೊಡೈಡ್ ಅಥವಾ ಪಿಪರಜೀನಿಯಂ ಅಯೊಡೈಡ್ ಒಳ್ಳೆಯ ಆಯ್ಕೆಗಳು. ಮಿಲಿಲೀಟರಿಗೆ 0.3, 1, 3 ಮಿಲಿಗ್ರಾಂ ಹೀಗೆ ಮೂರು ಪ್ರಮಾಣ ಹಿಡಿದು ಪರೀಕ್ಷಿಸಿ. ದ್ರಾವಕವಾದ ಐಸೊಪ್ರೊಪನಾಲ್ ಮೇಲ್ಮೈಯಿಂದ ಫಾರ್ಮಮಿಡಿನಿಯಂ ಅಯೊಡೈಡನ್ನೂ ಕರಗಿಸಿಕೊಂಡು ಹೋಗಬಲ್ಲದು. ಗಾಜು ತಿರುಗುತ್ತಿರುವಾಗಲೇ ಸುರಿಯಿರಿ, ನೆನೆಯಲು ಬಿಡಬೇಡಿ. ಬರೀ ಐಸೊಪ್ರೊಪನಾಲ್ ಸುರಿದ ಕೋಶವನ್ನೂ ಹೋಲಿಕೆಗೆ ಇಟ್ಟುಕೊಳ್ಳಿ.

ಹಂತ 6: ಲೋಹ ಮತ್ತು ತಡೆಪದರ

ಬೆಳ್ಳಿ ಅಯೊಡಿನ್ ಜೊತೆ ಸೇರಿ ಸಿಲ್ವರ್ ಅಯೊಡೈಡ್ ಆಗುತ್ತದೆ. ಚಿನ್ನ ಸಾಚಾ ಎಂದು ನಂಬಿದವರಿಗೆ 2016ರಲ್ಲಿ ಆಘಾತ ಕಾದಿತ್ತು: 70 ಡಿಗ್ರಿ ಬಿಸಿಯಲ್ಲಿ ಚಿನ್ನದ ಪರಮಾಣುಗಳು ಸ್ಪೈರೊ ಪದರ ದಾಟಿ ಪೆರೋವ್‌ಸ್ಕೈಟ್ ಒಳಗೇ ಹೊಕ್ಕಿದ್ದವು. ತಾಮ್ರ ಇವುಗಳಿಗಿಂತ ಸಭ್ಯ, ಇಂಗಾಲ ಇನ್ನೂ ಸಭ್ಯ ಆದರೆ ಅದರ ರೋಧ ಹೆಚ್ಚು.

ಯಾವ ಲೋಹವಾದರೂ ನಡುವೆ ಗೋಡೆ ಬೇಕು. ಸುಮಾರು 20 ನ್ಯಾನೊಮೀಟರ್ ಸಿ60 ಮೇಲೆ ರೂಢಿಯ ಬಿಸಿಪಿ ಎಂಬ ಸಾವಯವ ಪದರದ ಬದಲಿಗೆ, ಪರಮಾಣು ಪದರ ಶೇಖರಣೆ ವಿಧಾನದಿಂದ 100 ಡಿಗ್ರಿ ಆಸುಪಾಸಿನಲ್ಲಿ 20 ನ್ಯಾನೊಮೀಟರ್ ಟಿನ್ ಆಕ್ಸೈಡ್ ಹಾಕಿ. ಒಳಗಿನ ಅಯೊಡಿನ್ ಹೊರಬರದು, ಹೊರಗಿನ ನೀರು, ಲೋಹ ಒಳಬರವು. ಬಾಳಿಕೆಗೆಂದು ಒಂದೇ ಒಂದು ಯಂತ್ರ ಕೊಳ್ಳುವ ಅವಕಾಶವಿದ್ದರೆ ನಾನು ಇದನ್ನೇ ಕೊಳ್ಳುವೆ.

ಹಂತ 7: ಮುಚ್ಚಳ

ಗಾಜಿನ ಮೇಲೆ ಗಾಜು, ಅಂಚಿಗೆ ಬ್ಯುಟೈಲ್ ರಬ್ಬರ್ ಪಟ್ಟಿ, ನಡುವೆ ಪಾಲಿಒಲಿಫಿನ್ ಹಾಳೆ. ಸಿಲಿಕಾನ್ ಫಲಕಕ್ಕೆ ಬಳಸುವ ಇವಿಎ ಹಾಳೆ ಬೇಡ; ಅದು ಹಳತಾದಂತೆ ಅಸಿಟಿಕ್ ಆಮ್ಲ ಬಿಡುತ್ತದೆ. ಅಂಚಿನ ಪಟ್ಟಿಯ ಕೆಳಗೆ ಪೆರೋವ್‌ಸ್ಕೈಟ್ ಉಳಿಯದಂತೆ ಮೊದಲೇ ಕೆರೆದು ತೆಗೆಯಿರಿ, ಇಲ್ಲದಿದ್ದರೆ ನೀರು ಆ ಪದರದ ದಾರಿಯಲ್ಲೇ ಒಳಗೆ ನಡೆದು ಬರುತ್ತದೆ. ಬಿಸಿಯೇರಿದಾಗ ಪೆರೋವ್‌ಸ್ಕೈಟ್ ಗಾಜಿಗಿಂತ ಹಲವು ಪಟ್ಟು ಹಿಗ್ಗುತ್ತದೆ, ಸಿ60 ಹಿಡಿತವೂ ದುರ್ಬಲ. ಗಟ್ಟಿ ಎಪಾಕ್ಸಿ ನೇರವಾಗಿ ಸುರಿದರೆ ಬಿಸಿ-ತಂಪಿನ ಆಟದಲ್ಲಿ ಪದರವೇ ಕಿತ್ತು ಬರಬಹುದು.

ಹಂತ 8: ವಯಸ್ಸಾಗಿಸಿ ನೋಡುವುದು

"ಡ್ರಾಯರಿನಲ್ಲಿ ಆರು ತಿಂಗಳು ಇಟ್ಟಿದ್ದೆ, ಚೆನ್ನಾಗಿದೆ" ಎಂಬುದು ಬಾಳಿಕೆಯ ಪುರಾವೆಯಲ್ಲ. 2020ರಲ್ಲಿ ಸಂಶೋಧಕರು ಒಮ್ಮತದಿಂದ ಪ್ರಕಟಿಸಿದ, ಬಾಳಿಕೆ ಪರೀಕ್ಷಿಸುವ ಐಸಾಸ್ ಕ್ರಮಗಳನ್ನು ಅನುಸರಿಸಿ. ಕತ್ತಲೆಗೆ ಡಿ, ಬೆಳಕಿಗೆ ಎಲ್, ಹೊರಾಂಗಣಕ್ಕೆ ಒ, ಬಿಸಿ-ತಂಪಿನ ಸರದಿಗೆ ಟಿ, ಹಗಲು-ರಾತ್ರಿಯ ಸರದಿಗೆ ಎಲ್‌ಸಿ. ನಾನು ಮೊದಲು ಮಾಡುವುದು ಎಲ್-2: ಬೆಳಕು, 65 ಅಥವಾ 85 ಡಿಗ್ರಿ, ಗರಿಷ್ಠ ವಿದ್ಯುತ್ ಬಿಂದುವಿನಲ್ಲಿ ಸತತ ಹಿಡಿತ. ಬೆಳಕು ಮತ್ತು ಬಿಸಿ ಒಟ್ಟಿಗೆ ಬಿದ್ದಾಗ ಬಯಲಾಗುವ ದೋಷ ಒಂದೊಂದೇ ಬಿದ್ದಾಗ ಬಯಲಾಗದು. ಉದ್ಯಮದ ಐಇಸಿ 61215 ಮಾನಕ ಕೇಳುವುದು 85 ಡಿಗ್ರಿ, ಶೇ. 85 ಆರ್ದ್ರತೆಯಲ್ಲಿ 1000 ಗಂಟೆ, ಮತ್ತು ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 85 ಡಿಗ್ರಿವರೆಗೆ 200 ಸುತ್ತು, ನಷ್ಟ ಶೇ. 5 ಮೀರಬಾರದು.

ನೆರಳಿನ ಪರೀಕ್ಷೆಯನ್ನು ಹೆಚ್ಚಿನವರು ಮರೆಯುತ್ತಾರೆ. ಸಾಲಿನಲ್ಲಿ ಒಂದು ಕೋಶಕ್ಕೆ ನೆರಳು ಬಿದ್ದರೆ ಉಳಿದವು ಅದರಲ್ಲಿ ಹಿಮ್ಮುಖ ವೋಲ್ಟೇಜ್ ಹುಟ್ಟಿಸುತ್ತವೆ, ಕೆಲವೇ ವೋಲ್ಟಿಗೆ ಪೆರೋವ್‌ಸ್ಕೈಟ್ ಸುಟ್ಟುಹೋಗಬಲ್ಲದು. ಕೋಶಗಳನ್ನು ಸಾಲಾಗಿ ಜೋಡಿಸುವ ಮುನ್ನ ಇದನ್ನೂ ಅಳೆದಿಡಿ.

ಕುಸಿತದ ಗೆರೆಯನ್ನು ಓದಲು ಕಲಿತರೆ ಮುಂದಿನ ಪ್ರಯೋಗ ತಾನಾಗಿಯೇ ಹೊಳೆಯುತ್ತದೆ. ವೋಲ್ಟೇಜ್ ಮೊದಲು ಬಿದ್ದರೆ ಹಂತ 5ಕ್ಕೆ ಮರಳಿ, ತೇಪೆ ಕಳಚಿದೆ. ಫಿಲ್ ಫ್ಯಾಕ್ಟರ್ ಬಿದ್ದರೆ ಲೋಹವನ್ನೂ ಅಂಟನ್ನೂ ಶಂಕಿಸಿ. ಪ್ರವಾಹ ಬಿದ್ದರೆ ಹರಳೇ ಒಡೆಯುತ್ತಿರಬಹುದು, ಅಥವಾ ಅಯಾನುಗಳು ಗುಂಪುಗೂಡಿ ವಿದ್ಯುತ್ ಹರಿಯುವುದಕ್ಕೆ ಅಡ್ಡಬಂದಿರಬಹುದು. ಇವೆರಡನ್ನು ಬೇರೆ ಮಾಡಲು ಒಂದು ರಾತ್ರಿ ಕತ್ತಲಲ್ಲಿಟ್ಟು ಮತ್ತೆ ಅಳೆಯಿರಿ: ಚೇತರಿಸಿಕೊಂಡರೆ ಅಯಾನು, ಇಲ್ಲದಿದ್ದರೆ ಹರಳು. ಸತ್ತ ಕೋಶವನ್ನು ಕೂಡಲೇ ಎಸೆಯಬೇಡಿ. ಲೋಹವನ್ನು ಟೇಪಿನಿಂದ ಎತ್ತಿ, ಅದರ ಅಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹಳದಿ ಅಂಚಿನಿಂದ ಶುರುವಾಗಿದೆಯೋ ನಡುವಿನಿಂದಲೋ ಬರೆದುಕೊಳ್ಳಿ. ಆಮೇಲೆ ಟೇಪು, ಗಾಜು ಎರಡೂ ಸೀಸದ ತ್ಯಾಜ್ಯದ ಡಬ್ಬಿಗೆ.